ಮಣ್ಣು ಕೊಟ್ಟ ಸಾಲು

"ಏಯ್ ರಂಡೆ, ಗುದ್ದಲಿ ಎಂತಕೆ ಕೆಳಗಿಟ್ಟೆ? ನಿನ್ನಪ್ಪ ಬಂದು ತಟ್ಟುದಾ ಇದನ್ನ?"

ಶ್ರೀರಾಮ ಒಡೆಯರು ಹೀಗೆ ಕೂಗಿದ್ದು ನನಗೆ, ಕರಿಕೊಡ್ಲಿನ ಲಕ್ಕಿಗೆ. ನನ್ನಪ್ಪ ಬರುವ ಹಾಗಿರಲಿಲ್ಲ. ಒಡೆಯರ ಚಪ್ಪಲಿಯಿಂದ ಎರಡು ಮಾರು ಆಚೆಗೆ, ಅದೇ ಮಣ್ಣಿನಡಿ ಅವನು ಮಲಗಿ ಇಪ್ಪತ್ತು ವರ್ಷವಾಗಿತ್ತು.

"ಒಡೆಯಾ, ಇದು ನಮ್ಮ ಹೆಣ ಹುಗಿದ ಸಾಲು," ಅಂದೆ. "ಇದ್ರ ಮೇಲೆ ಗುದ್ದಲಿ ಹಾಕುಕೆ ಆತಿಲ್ಲ."

"ಹೆಣವಂತೆ ಹೆಣ! ಹೆಣಕ್ಕೆಂತ ಸೊಂಟ ನೋಯ್ತದ್ಯಾ ಸೈಕಲ್ ಹೋದ್ರೆ? ತಟ್ಟೇ ಅಂದ್ರೆ ತಟ್ಟಬೇಕು."

ನನ್ನ ಹಿಂದೆ ಹನ್ನೊಂದು ಹೆಂಗಸರು. ಒಬ್ಬೊಬ್ಬಳಾಗಿ ಎಲ್ಲರೂ ಗುದ್ದಲಿ ಕೆಳಗಿಟ್ಟರು. ಒಡೆಯರು ನಮ್ಮನ್ನೆಲ್ಲ ಒಂದು ಸಲ ನೋಡಿ ಕ್ಯಾಕರಿಸಿ ಉಗಿದರು. ಉಗಿದದ್ದು ನನ್ನಪ್ಪನ ದಿಬ್ಬದ ಬುಡಕ್ಕೆ ಬಿತ್ತು. ಬೇಕೆಂದೇ ಉಗಿದರೋ ಬಾಯಿ ತಿರುಗಿದ ಕಡೆ ಬಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಂಥವರು ಬೇಕೆಂದೇ ಮಾಡುವುದು ಕಡಿಮೆ, ನಾವು ಕಣ್ಣಿಗೆ ಬಿದ್ದರೆ ತಾನೇ!

ತಿಂಗಳಿಂದ ನಾವು ಆ ಬೆಟ್ಟದಲ್ಲಿ ಸೈಕಲ್ಲಿಗೆ ದಾರಿ ಕಡಿಯುತ್ತಿದ್ದೆವು. ಹೌದು, ಸೈಕಲ್ಲಿಗೆ. ಕೇಳಿದಾಗ ನಾನೂ ನಕ್ಕಿದ್ದೆ. ಕುಮಟೆಯಿಂದ ಹೊನ್ನಾವರದವರೆಗೆ ಅಷ್ಟು ದೊಡ್ಡ ಹೈವೇ ಇರುವಾಗ ಯಾವ ಮಳ್ಳ ಕಾಡಿನೊಳಗೆ ಸೈಕಲ್ ಹೊಡೆಯುತ್ತಾನೆ ಅಂತ. ಆದರೆ ಅದಕ್ಕೆಂದೇ ದಪ್ಪ ಗಾಲಿಯ ಸೈಕಲ್ಲು ಇದೆಯಂತೆ, ಕಲ್ಲು, ಬೇರು, ಇಳುಕಲು ಇದ್ದಷ್ಟೂ ಅವರಿಗೆ ಖುಷಿಯಂತೆ. ಬೆಟ್ಟದ ತುದಿಯಿಂದ ಹೊರಟು, ಕರಿ ಸುಣ್ಣಕಲ್ಲಿನ ಎರಡು ಬಂಡೆಗಳ ಸಂದಿಯಲ್ಲಿ ನುಗ್ಗಿ, ಕೆಳಗಿನ ಹಳ್ಳದವರೆಗೆ ದಾರಿ. ಅವರ ಬಾಯಲ್ಲಿ ಟ್ರೇಲು. ಪೊದೆ ಸವರಿ, ಬೇರು ಕಿತ್ತು, ತಿರುವಿಗೆ ಕಲ್ಲು ಕಟ್ಟಿ ಮಾಡಿದ್ದು ನಾವು. ಭಾನುವಾರ ಅದರ ಮೇಲೆ ರೇಸು. ಎಲ್ಲೆಲ್ಲಿಂದಲೋ ಬಂದವರು ಮುರ್ಡೇಶ್ವರದ ಹೋಟೆಲಿನಲ್ಲಿ ಇಳಿದಿದ್ದರು, ಬೆಳಿಗ್ಗೆ ವ್ಯಾನಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದರು.

ಆ ಬೆಟ್ಟ ಒಡೆಯರದ್ದೂ ಅಲ್ಲ. ಸರ್ಕಾರದ ಕಾಡು. ತೋಟಕ್ಕೆ ಸೊಪ್ಪು ತರುವ ಹಕ್ಕು ಮಾತ್ರ ಅವರ ಮನೆಗಿರುವುದು. ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಹಾಕಿದ್ದು ನಾವು, ನಮ್ಮ ಅಬ್ಬೆ, ಅವಳ ಅಬ್ಬೆ. ಅಷ್ಟಾಗಿಯೂ ಕಾಗದದಲ್ಲಿ ಬೆಟ್ಟದ ಹಕ್ಕು ಅವರ ಹೆಸರಿಗಾಯ್ತು, ಬೆಟ್ಟದ ಬುಡದಲ್ಲಿ ಹತ್ತೊಂಬತ್ತು ಮನೆ ಕಟ್ಟಿಕೊಂಡ ನಾವು ಅತಿಕ್ರಮಣದವರಾದೆವು. ಯಾವ ನ್ಯಾಯ ಸ್ವಾಮಿ ಇದು?

ಜಾಗಕ್ಕೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ್ದೆವು. ನಮ್ಮ ಜಾತಿ ಸರ್ಕಾರದ ಬುಡಕಟ್ಟಿನವರ ಪಟ್ಟಿಯಲ್ಲಿಲ್ಲ, ಹಾಗಾಗಿ ಎಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದೇವೆ ಅಂತ ತೋರಿಸಬೇಕಂತೆ. ರೇಷನ್ ಕಾರ್ಡು ಮೊನ್ನೆಯದ್ದು. ಮನೆ ಮಳೆಗೊಮ್ಮೆ ಬೀಳುತ್ತದೆ, ಮತ್ತೆ ಕಟ್ಟುತ್ತೇವೆ. ಕುಮಟೆಯ ವಕೀಲರ ಆಫೀಸಿನ ಕಲ್ಪನಾ ಮೇಡಂ ಕೇಳಿದರು, "ನಿಮ್ಮ ಹಿರಿಯರನ್ನ ಎಲ್ಲಿ ಹುಗಿದಿದ್ದೀರಿ?" ಅಂತ. ಬೆಟ್ಟದಲ್ಲೇ ಅಂದೆವು. "ಅದೇ ಸಾಕ್ಷಿ. ಸ್ಥಳಕ್ಕೆ ಬಂದಾಗ ತೋರಿಸಿ," ಅಂದರು. ಸ್ಥಳ ನೋಡುವ ಸಾಹೇಬರು ಗುರುವಾರ ಬರುತ್ತಾರೆ ಅಂತ ಕಾಗದ ಬಂದಿತ್ತು. ಇದು ಮೂರನೇ ಅರ್ಜಿ. ಇದೂ ವಜಾ ಆದರೆ ಮನೆ ಖಾಲಿ ಮಾಡಬೇಕು ಅಂತ ಅದೇ ಕಾಗದದಲ್ಲಿ ಬರೆದಿತ್ತು.

ನಮ್ಮಲ್ಲಿ ಹೆಣ ಹುಗಿದಲ್ಲಿ ಕಲ್ಲು ನೆಡುವುದಿಲ್ಲ, ಹೆಸರು ಕೆತ್ತುವುದಿಲ್ಲ. ಕೆತ್ತುವುದಾದರೂ ಯಾರಿಗೆ ಬರುತ್ತಿತ್ತು? ಹಳ್ಳದ ಬದಿಯಿಂದ ಸುರುವಾಗಿ ಒಬ್ಬರಾದ ಮೇಲೊಬ್ಬರು ಸತ್ತ ಹಾಗೆ ಸಾಲು ಬೆಟ್ಟ ಹತ್ತುತ್ತಾ ಬಂದಿದೆ. ಕೆಳಗಿನವರು ಹಳಬರು, ಮೇಲಿನವರು ಹೊಸಬರು. ಒಟ್ಟು ನಲವತ್ತೊಂದು. ಯಾವುದು ಯಾರದ್ದು ಅಂತ ಪೂರ್ತಿ ಗೊತ್ತಿರುವುದು ನನ್ನ ಮಾವ ದುರ್ಗಪ್ಪನಿಗೆ ಮಾತ್ರ. ಮಳೆಗಾಲದಲ್ಲಿ ದಿಬ್ಬಗಳು ಕರಗುತ್ತವೆ, ನಮ್ಮ ಘಟ್ಟದ ಬುಡದ ಮಳೆ ಗೊತ್ತಲ್ಲ. ಮಳೆ ನಿಂತ ಮೇಲೆ ಆಯಾ ಮನೆಯವರು ಬುಟ್ಟಿಯಲ್ಲಿ ಹೊಸ ಮಣ್ಣು ತಂದು ಸುರಿದು, ಕೈಯಿಂದ ತಟ್ಟಿ, ನುಣ್ಣಗೆ ಮಾಡಬೇಕು. ಇದಕ್ಕೆ ಮಣ್ಣು ಕೊಡುವುದು ಅನ್ನುತ್ತೇವೆ. ಕೊಡದೆ ಬಿಟ್ಟರೆ ಆ ಮನೆಯಲ್ಲಿ ಅನ್ನ ಬೇಯುವುದಿಲ್ಲ ಅಂತ ನಂಬಿಕೆ.

ಈ ವರ್ಷ ನಾವು ಮಣ್ಣು ಕೊಟ್ಟದ್ದು ಹೇಗೆ ಅಂತೀರಿ! ಸಾಹೇಬರ ಕಣ್ಣಿಗೆ ಚಂದ ಕಾಣಬೇಕು, ಹೌದಪ್ಪಾ ಇದು ಇವರ ಹಿರಿಯರ ಜಾಗ ಅಂತ ಬಂದ ಕೂಡಲೇ ತಿಳಿಯಬೇಕು. ಯಾವತ್ತೂ ಒಂದು ಬುಟ್ಟಿ ಹಾಕುವಲ್ಲಿ ನಾಲ್ಕು ಹಾಕಿದೆವು. ವಾರಸುದಾರರಿಲ್ಲದ ದಿಬ್ಬಕ್ಕೂ ಹಾಕಿದೆವು. ಅವತ್ತು ತಲೆಯ ಮೇಲೆ ಕಣಜದ ಹಾಗೆ ಗುಂಯ್ಗುಡುವ ಒಂದು ಯಂತ್ರ ಹಾರುತ್ತಿತ್ತು. ನನ್ನ ಮಗಳು ಬೆಳ್ಳಿ ಮುಖವೆತ್ತಿ ಕೈ ಬೀಸಿದಳು. ನಾವೆಲ್ಲ ನಕ್ಕೆವು. ಹಾಳಾದ ನಗು.

ಮರುದಿನ ಸೈಕಲ್ ಕಂಪನಿಯ ಸೂಪರ್‌ವೈಸರ್ ರಾಜೀವ ಹಳದಿ ಪಟ್ಟಿ ಹಿಡಿದು ಬಂದ. ಕುಮಟೆ ಪೇಟೆಯವನು, ಕೆಟ್ಟವನೇನೂ ಅಲ್ಲ, ನಮ್ಮನ್ನು ಅಕ್ಕ ಅಂತಲೇ ಕರೆಯುತ್ತಿದ್ದ. ಸಾಲು ನೋಡಿ ಅವನ ಕಣ್ಣು ಅರಳಿತು.

"ಅಕ್ಕ, ಸೂಪರ್! ಡ್ರೋನ್‌ನಲ್ಲಿ ನೋಡಿದ್ದೇ ಹೇಳಿದೆ, ಸೈಕಲ್ ಹಾರ್ಸೋಕೆ ಇಲ್ಲೇ ಜಂಪ್ ಸೆಕ್ಷನ್ ಅಂತ. ಒಂದಾದ ಮೇಲೆ ಒಂದು, ಅಳತೆ ಹಿಡಿದ ಹಂಗಿದೆ. ನಾವು ಮಾಡಿದ್ರೆ ಹದಿನೈದು ದಿನ ಬೇಕಿತ್ತು."

"ಇದು ಎಂತ ಅಂತ ಗೊತ್ತನಾ ನಿಂಗೆ?" ಅಂದೆ.

ಹೇಳಿದೆ. ಅವನ ಮುಖ ಸಣ್ಣದಾಯಿತು. ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ಫೋನು ಹಿಡಿದು ದೂರ ಹೋದ. ವಾಪಸು ಬರುವಾಗ ನನ್ನ ಮುಖ ನೋಡಲಿಲ್ಲ. "ಒಡೆಯರನ್ನ ಕೇಳಿ ಅಕ್ಕ, ಜಾಗ ಅವ್ರದ್ದು," ಅಂದವನು ಪಟ್ಟಿ ಕಟ್ಟುತ್ತಾ ಕೆಳಗಿಳಿದ. ಅದಾದ ಎರಡನೇ ದಿನವೇ ಮೇಲೆ ಹೇಳಿದ ಉಗುಳು ಬಿದ್ದದ್ದು.

ಅವತ್ತು ಸಂಜೆ ಮಾವನನ್ನು ಕರೆದುಕೊಂಡು ಒಡೆಯರ ಮನೆಗೆ ಹೋದೆ. ಅಂಗಳದ ಆಚೆ, ಗೊಬ್ಬರದ ಗುಂಡಿಯ ಬದಿಗೆ ನಿಂತೆವು. ಈಗ ಯಾರೂ ಅಲ್ಲೇ ನಿಲ್ಲಿ ಅನ್ನುವುದಿಲ್ಲ, ಒಳಗೆ ಬನ್ನಿ ಅಂತಲೂ ಅನ್ನುವುದಿಲ್ಲ. ಒಡೆಯರ ಹೆಂಡತಿ ಪ್ರಿಯಂವದಾ ಅಮ್ಮ ಎರಡು ಕಾಗದದ ಲೋಟದಲ್ಲಿ ಚಾ ತಂದು ಪಾಗಾರದ ಗೋಡೆಯ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದ ಮೇಲೆ "ತಗಳಿ" ಅಂದರು. ಅವರು ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ. ಮಾವ ತಗೊಂಡ. ನಾನು ತಗೊಳ್ಳಲಿಲ್ಲ.

"ಒಡೆಯಾ," ಅಂದ ಮಾವ. ಎಂಬತ್ತರ ಮೇಲಿನ ಜೀವ, ಸೊಂಟ ಬಗ್ಗಿ ತಲೆ ಮೊಣಕಾಲು ಮುಟ್ಟುತ್ತಿತ್ತು. "ಅದೊಂದು ಸಾಲು ಬಿಟ್ಟು ದಾರಿ ಹಾಕುಕೆ ಹೇಳಿ. ಆಚೆ ಬದಿಗೆ ಬೇಕಾದಷ್ಟು ಜಾಗ ಅದೆ. ದಿಬ್ಬ ಬೇಕಾರೆ ನಾವೇ ಮಾಡಿಕೊಡ್ತ್ರು."

ಒಡೆಯರು ಎಲೆಯಡಿಕೆಯ ಕವಳ ಜಗಿಯುತ್ತಾ ಕೇಳಿದರು. ಕೇಳಿ ನಕ್ಕರು. "ದುರ್ಗ, ನಿನಗೆ ಅರಳುಮರಳು. ಅಲ್ಲಿ ಹೆಣ ಹುಗಿಲಕ್ಕೆ ಜಾಗ ಕೊಟ್ಟದ್ದೇ ನಮ್ಮಜ್ಜ. ನಿನ್ನ ಅಜ್ಜಿ ಸಿಡುಬು ಆಗಿ ಸತ್ತಾಗ ಹೋಗ್ಲಿ ಪಾಪ ಅಂತ ಕೊಟ್ಟದ್ದು. ಕೊಟ್ಟವರ ಮನೆಯವರು ಕೇಳಿದ್ರೆ ಇಲ್ಲ ಅಂತ್ಯನಾ?"

ದುರ್ಗಪ್ಪನ ಅಜ್ಜಿ! ಎಪ್ಪತ್ತೈದೇನು, ಅದಕ್ಕೂ ಹಿಂದಿನ ಮಾತು.

"ಒಡೆಯಾ, ಇದೊಂದು ಮಾತು ಗುರುವಾರ ಸಾಹೇಬ್ರ ಎದುರು ಹೇಳಿ," ಅಂದೆ. "ನಿಮ್ಮ ಕಾಲಿಗೆ ಬೀಳ್ತೆ. ದಾರಿ ಬೇಕಾರೆ ಅಲ್ಲೇ ಹೋಗ್ಲಿ, ಸೈಕಲ್ಲೂ ಹೋಗ್ಲಿ. ಈ ಮಾತೊಂದು ಹೇಳಿ ಸಾಕು."

ಅವರ ಕವಳ ಬಾಯಲ್ಲೇ ನಿಂತಿತು. ನನ್ನನ್ನು ನೋಡಿದರು. ಸೊಪ್ಪು ಹೊರುವ ಹೆಂಗಸನ್ನಲ್ಲ, ನನ್ನನ್ನು, ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೆ ಎದ್ದು ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ಬಂದರು.

"ಎಂತ ಮಾತು? ನಾನೆಂತ ಹೇಳಿದೆ? ಪ್ರಿಯಂವದಾ, ಆನೆಂತಾರೂ ಹೇಳಿದ್ನನೇ?"

"ಇಲ್ಲೆ," ಅಂದರು ಅಮ್ಮ. ಲೋಟದಿಂದ ಮುಖ ಎತ್ತಲಿಲ್ಲ.

"ನೋಡು. ಯಾರೂ ಎಂತದೂ ಹೇಳಿಲ್ಲ. ನಾಳಿಂದ ನೀವು ಕೆಲಸಕ್ಕೆ ಬರೂದು ಬ್ಯಾಡ. ತೋಟಕ್ಕೂ ಬ್ಯಾಡ, ಬೆಟ್ಟಕ್ಕೂ ಬ್ಯಾಡ."

ಗೇಟು ದಾಟುವಾಗ ಒಳಗಿನಿಂದ ಅವರ ದನಿ ಕೇಳಿತು. "ಇವಕ್ಕೆ ಹಕ್ಕುಪತ್ರ ಸಿಕ್ಕಿರೆ ನಾಳೆ ಸೊಪ್ಪು ತಪ್ಪಲೆ ಆರು ಬತ್ತ?" ಹಕ್ಕುಪತ್ರ ಸಿಕ್ಕಿದರೆ ನಾವು ಸೊಪ್ಪು ಹೊರಲು ಬರುವುದಿಲ್ಲ ಅಂತ ಅವರ ಹೆದರಿಕೆ. ಸಾಲಿನ ಮೇಲೇ ದಾರಿ ಯಾಕೆ ಬೇಕು ಅಂತ ಆಗ ತಿಳಿಯಿತು. ಸೈಕಲ್ ಎಲ್ಲಿ ಹೋದರೆ ಅವರಿಗೇನು! ಸಾಲು ಹೋಗಬೇಕಿತ್ತು, ಅಷ್ಟೇ.

ನಾವು ತಟ್ಟದಿದ್ದರೆ ನಿಲ್ಲುತ್ತದಾ? ರಾಜೀವನೂ ಸೈಕಲ್ ಹುಡುಗರೂ ಸೇರಿ ತಾವೇ ಸಲಿಕೆ ಹಿಡಿದರು. ದಿಬ್ಬದ ಒಂದು ಕಡೆ ಕೆರೆದು ಇಳಿಜಾರು ಮಾಡಿ, ಇನ್ನೊಂದು ಕಡೆ ಎತ್ತರಿಸಿ, ನೀರು ಚಿಮುಕಿಸಿ ಹಲಗೆಯಿಂದ ಬಡಿದರು. ಬುಧವಾರ ಬೆಳಿಗ್ಗೆ ಆ ಬಡಿತ ಕೇರಿಗೆ ಕೇಳುತ್ತಿತ್ತು. ಮಾವ ಹೊಸ್ತಿಲಲ್ಲಿ ಕೂತು ಕಿವಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಎದ್ದು ಹೊರಟ. ನಾನೂ ಹಿಂದೆ ಹೋದೆ.

ಮೇಲಿಂದ ಒಬ್ಬ ಬರುತ್ತಿದ್ದ. ತಲೆಗೆ ಹೊಳೆಯುವ ಟೋಪಿ, ಮೊಣಕಾಲಿಗೆ ಕವಚ. ಬಂಡೆಯ ಸಂದಿಯಿಂದ ಹೊರಬಿದ್ದವನೇ ಮೊದಲ ದಿಬ್ಬ ಹಾರಿದ, ಎರಡನೆಯದು ಹಾರಿದ, ಮೂರನೆಯದರ ಮೇಲೆ ಹಿಂದಿನ ಗಾಲಿ ದಢ್ ಅಂತ ಕುಟ್ಟಿತು. ಮೂರನೆಯದು ನನ್ನ ಗಂಡ ಶಿವನದ್ದು. ಒಡೆಯರ ಮನೆಗೆ ಹೆಜ್ಜೇನು ಬೇಕು ಅಂತ ಸುಣ್ಣಕಲ್ಲಿನ ಬಂಡೆ ಹತ್ತಿ, ಜಾರಿ ಬಿದ್ದು ಸತ್ತು ಏಳು ವರ್ಷ. ಹುಡುಗ ಕೂಗಿ ನಕ್ಕ. ಮಾವ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು, ಹೋದ ಗಾಲಿಯ ಗುರುತನ್ನು ಬೆರಳಿನಿಂದ ಒರೆಸತೊಡಗಿದ. ಇನ್ನೊಬ್ಬ ಬಂದ. ಮತ್ತೊಬ್ಬ ಬಂದ. "ಅಜ್ಜ, ಸೈಡು, ಸೈಡು!" ಅಂತ ಕೂಗಿ ಸಿಳ್ಳೆ ಹೊಡೆಯುತ್ತಿದ್ದರು. ನಾನು ಮಾವನನ್ನು ಎತ್ತಿಕೊಂಡೇ ಕೆಳಗೆ ತಂದೆ.

ಗುರುವಾರ ಹನ್ನೊಂದು ಗಂಟೆಗೆ ಸಾಹೇಬರ ಜೀಪು ಬಂತು. ಮೊದಲು ನಿಂತದ್ದು ಒಡೆಯರ ಮನೆಯಲ್ಲಿ. ನಾವು ಕೇರಿಯ ಎಲ್ಲರೂ, ಮತ್ತೆ ಮಣ್ಣು ಕೊಡಬೇಕೆಂದು ತಂದ ಗುದ್ದಲಿ ಹಿಡಿದೇ, ಸಾಲಿನ ಹತ್ತಿರ ಬಿಸಿಲಿನಲ್ಲಿ ಕಾದೆವು. ಊಟ ಮುಗಿಸಿ ಅವರು ಒಡೆಯರ ಜೊತೆ ಮೇಲೆ ಬಂದಾಗ ಎರಡು ಗಂಟೆ ದಾಟಿತ್ತು. ಸಾಧಾರಣ ಮನುಷ್ಯ, ಬೂಟಿಗೆ ಕೆಸರಾಗದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು.

"ಎಲ್ಲಿ ನಿಮ್ಮ ಸಮಾಧಿ?"

"ಇದೇ ಸಾಹೇಬ್ರೆ," ಅಂದೆ. "ನಲವತ್ತೊಂದು."

ಅವರು ನೋಡಿದರು. ದಿಬ್ಬದ ಎರಡೂ ಕಡೆ ಹಳದಿ ಪಟ್ಟಿ. ಪ್ರತಿ ದಿಬ್ಬಕ್ಕೂ ನಂಬರಿನ ಬಿಲ್ಲೆ. ಮೇಲೆಲ್ಲ ಗಾಲಿಯ ಗುರುತು. ಮೇಲ್ಗಡೆ ಬ್ಯಾನರಿನಡಿ ಏಳೆಂಟು ಸೈಕಲ್ಲಿನವರು ಯಾವಾಗ ದಾರಿ ಬಿಡುತ್ತಾರೆ ಅಂತ ನಿಂತಿದ್ದರು.

"ಇದು ಸೈಕಲ್ ಜಂಪ್ ಅಲ್ವೇನಮ್ಮ?"

"ಅವ್ರು ಈಗ ಮಾಡಿದ್ದು. ಅದ್ರ ಅಡಿಗೆ ನಮ್ಮವ್ರು ಅದಾರೆ."

ಒಡೆಯರು ರಾಜೀವನ ಕಡೆ ಕಣ್ಣು ಮಾಡಿದರು. ರಾಜೀವ ಫೋನು ತೆಗೆದು ಸಾಹೇಬರ ಕೈಗೆ ಕೊಟ್ಟ. ನಾನೂ ಇಣುಕಿದೆ. ಹಾಡು ಹಾಕಿದ ವಿಡಿಯೋ. ಮೇಲಿಂದ ಬೆಟ್ಟ, ಕರಿ ಬಂಡೆಗಳು, ಸಾಲು. ನಾನು ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಿದ್ದೇನೆ. ಹೆಂಗಸರು ಬುಟ್ಟಿ ಸುರಿದು ತಟ್ಟುತ್ತಿದ್ದಾರೆ. ಬೆಳ್ಳಿ ಕೈ ಬೀಸಿ ನಗುತ್ತಿದ್ದಾಳೆ. ಕೆಳಗೆ ಅಕ್ಷರ ಓಡುತ್ತಿತ್ತು. ಬೆಳ್ಳಿ ಓದಿ ಹೇಳಿದಳು, "ನಮ್ಮ ಟ್ರೇಲ್ ಕಟ್ಟುತ್ತಿರುವ ಸ್ಥಳೀಯ ಕೈಗಳು."

"ಇದು ನೀವೇ ಅಲ್ವಾ?"

"ನಾನೇ. ಅದು ಮಣ್ಣು ಕೊಟ್ಟದ್ದು ಸಾಹೇಬ್ರೆ. ವರ್ಷಾ ವರ್ಷಾ ಕೊಡ್ತ್ರು. ಮಳೆಗೆ ಕೊಚ್ಚಿ ಹೋತದಲ, ಅದ್ಕೆ."

"ನೀವೇ ಸೈಕಲ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ರಿ. ನೀವೇ ಮಣ್ಣು ಹಾಕಿ ದಿಬ್ಬ ಮಾಡಿದ್ದು ವಿಡಿಯೋದಲ್ಲಿದೆ. ಈಗ ಸಮಾಧಿ ಅಂದ್ರೆ ನಾನು ಹೆಂಗೆ ಬರೀಲಿ?"

"ರಾಜೀವಾ, ನೀ ಹೇಳಾ!" ಅಂತ ಕೂಗಿದೆ. "ನಿಂಗೆ ನಾ ಅವತ್ತೇ ಹೇಳಲಿಲ್ಲನಾ? ಹೇಳಾ ಬೋಳಿಮಗನೆ, ಬಾಯಲ್ಲಿ ಎಂತ ಅದೆ?"

ಅವನು ತನ್ನ ಬೂಟು ನೋಡಿಕೊಂಡ.

"ಸಾಯ್ಲಿ ಬಿಡಿ ಸಾಹೇಬ್ರೆ," ಅಂದರು ಒಡೆಯರು, ದೊಡ್ಡ ಮನಸ್ಸು ಮಾಡಿದವರ ಹಾಗೆ. "ಪಾಪದವರು, ಯಾರೋ ತಲೆ ಕೆಡಿಸಿದ್ದಾರೆ. ಇಲ್ಲಿ ಯಾವ ಹೆಣವೂ ಇಲ್ಲ. ಇದ್ದಿದ್ರೆ ನಮಗೆ ಗೊತ್ತಿರ್ತಿರಲಿಲ್ವಾ?"

ಸಾಹೇಬರು ಕಡತ ತೆರೆದು ಪೆನ್ನು ತೆಗೆದರು. "ಸ್ಥಳದಲ್ಲಿ ಯಾವುದೇ ಕುರುಹು ಕಂಡುಬಂದಿಲ್ಲ," ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯಲು ಸುರು ಮಾಡಿದರು.

ನನಗೆ ಏನಾಯಿತೋ ಗೊತ್ತಿಲ್ಲ. ಹತ್ತಿರದವಳ ಗುದ್ದಲಿ ಕಸಿದುಕೊಂಡು ಹಳದಿ ಪಟ್ಟಿ ಹರಿದು ಒಳಗೆ ಹೋದೆ. ಮೂರನೇ ದಿಬ್ಬಕ್ಕೆ ಹಾಕಿದೆ. ಬಡಿದು ಗಟ್ಟಿಯಾದ ಮಣ್ಣು, ಮೊದಲ ಪೆಟ್ಟಿಗೆ ಗುದ್ದಲಿ ಪುಟಿಯಿತು.

"ಅಬ್ಬೇ!" ಅಂತ ಬೆಳ್ಳಿ ಕಿರುಚಿದಳು. ಮಾವ ತಡವರಿಸುತ್ತಾ ಬಂದು ನನ್ನ ಕೈ ಹಿಡಿದ. "ಬ್ಯಾಡ್ದೇ ಲಕ್ಕಿ. ಹುಗಿದವ್ನ ತೆಗೀಬಾರ್ದೇ. ನನ್ನ ಮಗನೇ ಅವ. ನಾನೇ ಮಣ್ಣು ಹಾಕಿದ್ದೇ ಅವ್ನಿಗೆ."

"ಅವ ಇಲ್ಲ ಅಂತ್ರು ಮಾವ," ಅಂದೆ. ಅಳು ಬಂತು, ತಡೆಯಲಿಲ್ಲ. "ನನ್ನ ಗಂಡ ಇಲ್ಲೇ ಇಲ್ಲ ಅಂತ ಬರೀತಾರೆ. ನೀ ಹೇಳು, ಅವ ಇಲ್ವಾ?"

ಮಾವ ನನ್ನ ಕೈ ಬಿಟ್ಟ. ಆಮೇಲೆ ಪಂಚೆ ಎತ್ತಿ ಕಟ್ಟಿ ನನ್ನೆದುರು ಕೂತು ಕೈಯಿಂದ ಮಣ್ಣು ಎಳೆಯತೊಡಗಿದ.

"ನಿಲ್ಸಿ ಅವ್ರನ್ನ! ಹುಚ್ಚು ಹಿಡಿದದೆ!" ಒಡೆಯರು ಕೂಗಿದರು. ಯಾರೂ ಹತ್ತಿರ ಬರಲಿಲ್ಲ. ಮೊಣಕಾಲು ಆಳ ಆಯಿತು, ಸೊಂಟದ ಆಳ ಆಯಿತು. ಮಾವ ಗುಂಡಿಗಿಳಿದ. ಅವನ ಉಸಿರು ಮಾತ್ರ ಕೇಳುತ್ತಿತ್ತು. ಅವನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೊಟ್ಟದ್ದನ್ನು ನಾನು ಸೆರಗು ಹಾಸಿ ತೆಗೆದುಕೊಂಡೆ. ಕೆಂಪು ಮಣ್ಣು ಮೆತ್ತಿದ ತಲೆ. ಬಂಡೆಗೆ ಬಡಿದು ಒಡೆದ ಕಡೆ ಒಡೆದೇ ಇತ್ತು.

ಸಾಹೇಬರ ಎದುರಿಗೆ ಹಿಡಿದೆ. "ಕೈ ಚಾಚ್ರಿ. ಇವ ಶಿವ, ದುರ್ಗಪ್ಪನ ಮಗ. ಬರೀರಿ."

ಅವರು ಹಿಂದೆ ಸರಿದರು. ರಾಜೀವ ಬಾಯಿಗೆ ಕೈಯಿಟ್ಟು ಪೊದೆಯ ಕಡೆ ಓಡಿದ. ಮೇಲೆ ನಿಂತ ಸೈಕಲ್ಲಿನವರಲ್ಲಿ ಒಬ್ಬ ಟೋಪಿ ತೆಗೆದ. ಸಾಹೇಬರು ಕೇಳಿದರು, "ಇವರು... ಇವರು ತೀರಿಹೋಗಿ ಎಷ್ಟು ವರ್ಷ?"

"ಏಳು."

ಅವರು ಒಡೆಯರ ಮುಖ ನೋಡಿದರು, ನನ್ನ ಮುಖ ನೋಡಿದರು, ಕಡತ ನೋಡಿದರು. "ಏಳು ವರ್ಷದ್ದು ನಡೆಯೋದಿಲ್ಲಮ್ಮ," ಅಂದರು, ಮೆಲ್ಲಗೆ. "ಕಾನೂನು ಪ್ರಕಾರ ಎಪ್ಪತ್ತೈದು ವರ್ಷ ಆಗಿರ್ಬೇಕು."

ನಾನು ಶಿವನನ್ನು ಸೆರಗಿನಲ್ಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ಇಷ್ಟು ಮಾಡಿದ ಮೇಲೂ ಇದು ಸಾಲದು ಅಂತ ನನ್ನ ತಲೆಗೆ ಹೋಗಲು ಹೊತ್ತು ಹಿಡಿಯಿತು.

ಮಾವ ಗುಂಡಿಯಿಂದ ಮೇಲೆ ಬಂದ. ಮೈಯೆಲ್ಲ ಮಣ್ಣು. ಯಾರನ್ನೂ ನೋಡದೆ ಸಾಲಿನ ಬದಿಯಲ್ಲಿ ಕೆಳಗಿಳಿಯುತ್ತಾ ಹೋದ. ಪ್ರತಿ ದಿಬ್ಬದ ಹತ್ತಿರ ಬಗ್ಗಿ ಒಂದೊಂದು ಹೆಸರು ಹೇಳುತ್ತಿದ್ದ. ಹೆಸರು ಬಿದ್ದ ಹಾಗೆ ಆಯಾ ಮನೆಯ ಹೆಂಗಸು ಆ ದಿಬ್ಬದ ಹತ್ತಿರ ಹೋಗಿ ನಿಂತಳು. ವಾರಸುದಾರರಿಲ್ಲದ ದಿಬ್ಬಕ್ಕೆ ಬೇರೆ ಮನೆಯವಳು ಹೋದಳು. ಹಳ್ಳದ ಬದಿಯ ಕೊನೆಯ ದಿಬ್ಬ ಮುಟ್ಟಿ "ಅಜ್ಜಿ" ಅಂದ. ಅಲ್ಲಿಂದ ತಿರುಗಿ ಕೂಗಿದ.

"ಸಾಹೇಬ್ರೆ, ಕೂತ್ಕಳಿ. ಎಪ್ಪತ್ತೈದು ಕೆಳಗದೆ."

ಸಾಹೇಬರು ಜೀಪಿನ ಕಡೆ ತಿರುಗಿದರು. ಜೀಪಿಗೆ ಹೋಗುವ ಕಾಲುದಾರಿಯಲ್ಲಿ ಕೇರಿಯ ಗಂಡಸರು ನಿಂತಿದ್ದರು. ಯಾರೂ ಅವರ ಮೈ ಮುಟ್ಟಲಿಲ್ಲ, ಬೈಯಲಿಲ್ಲ. ದಾರಿಯನ್ನೂ ಬಿಡಲಿಲ್ಲ. ಒಡೆಯರು ಫೋನು ಕಿವಿಗಿಟ್ಟುಕೊಂಡು ಹಲೋ ಹಲೋ ಅನ್ನುತ್ತಿದ್ದರು. ಆ ಬಂಡೆಗಳ ನಡುವೆ ಸಿಗ್ನಲ್ ಸಿಗುವುದಿಲ್ಲ.

ನಾನು ಶಿವನನ್ನು ಬೆಳ್ಳಿಯ ಮಡಿಲಲ್ಲಿಟ್ಟು ಗುದ್ದಲಿ ಹಿಡಿದು ಅಪ್ಪನ ದಿಬ್ಬಕ್ಕೆ ಹೋದೆ. ಮೇಲಿಂದ ಕೆಳಗಿನವರೆಗೆ ಉಳಿದ ನಲವತ್ತು ಕಡೆ ಒಟ್ಟಿಗೇ ಮಣ್ಣಿಗೆ ಪೆಟ್ಟು ಬೀಳತೊಡಗಿತು.